ಮೇಲಿನ ಹಲಗೆ

“ಇನ್ನು ಮೂರೇ ಮೂರು,” ಎಂದು ರೌನೊ ಕೈಯಲ್ಲಿದ್ದ ಹಾಳೆಯ ಮೇಲೆ ಪೆನ್ನಿನಿಂದ ಗೆರೆ ಎಳೆದ. “ಗ್ರೀಕರ ರಂಗಮಂದಿರ ಆಯ್ತು. ಈಗ ದೊಡ್ಡ ಚರ್ಚು, ಆಮೇಲೆ ಬುಗ್ಗೆ, ಆಮೇಲೆ ಕೋಟೆ. ನಾಲ್ಕು ಗಂಟೆಗೆಲ್ಲ ಮುಗಿದುಹೋಗುತ್ತೆ.”

“ಅಷ್ಟರಲ್ಲಿ ನಾನೂ ಮುಗಿದುಹೋಗಿರ್ತೀನಿ,” ಎಂದಳು ಅವನ ತಾಯಿ ಇರ್ಯಾ.

ಇಟಲಿಯ ಸಿರಕೂಸಾ ಊರಿನಲ್ಲಿ ಜುಲೈ ತಿಂಗಳ ಬಿಸಿಲು ಹತ್ತು ಗಂಟೆಗೇ ನೆತ್ತಿ ಸುಡುವುದಕ್ಕೆ ಶುರುಮಾಡಿತ್ತು. ಎದುರಿನ ಔಷಧಿ ಅಂಗಡಿಯ ಹಸಿರು ಫಲಕದಲ್ಲಿ ಹೊತ್ತು, ಬಿಸಿಲಿನ ಅಳತೆ ಒಂದರ ಹಿಂದೊಂದು ಮಿನುಗುತ್ತಿದ್ದವು: ಹನ್ನೊಂದೂವರೆ, ಮೂವತ್ತೊಂಬತ್ತು. ಇರ್ಯಾ ಬಸ್ ನಿಲ್ದಾಣದ ಅಂಗೈಯಗಲದ ನೆರಳಿನಲ್ಲಿ ಕೂತು ಊರಿನ ನಕ್ಷೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು. ಎಪ್ಪತ್ತು ವರ್ಷದ ಹೆಂಗಸು. ಫಿನ್‌ಲೆಂಡಿನ ಗಡಿ ದಾಟುವಾಗಲೆಲ್ಲ ಕೈಚೀಲದಲ್ಲಿ ತನ್ನದೇ ಕಾಫಿಪುಡಿಯ ಪೊಟ್ಟಣ ಇಟ್ಟುಕೊಂಡು ದಾಟುವವಳು. ಬೇರೆ ದೇಶದವರ ಕಾಫಿಯ ಮೇಲೂ ಬೇರೆ ದೇಶದವರ ಬಿಸಿಲಿನ ಮೇಲೂ ಅವಳಿಗೆ ನಂಬಿಕೆ ಇಲ್ಲ.

“ಮೂವತ್ತೊಂಬತ್ತು ಏನು ಮಹಾ,” ಎಂದ ರೌನೊ. “ಪ್ರತಿ ಶನಿವಾರ ಸೌನಾದ ಹಬೆಮನೇಲಿ ತೊಂಬತ್ತು ಡಿಗ್ರೀಲಿ ಕೂತ್ಕೊಳ್ಳೋರು ನಾವು. ನಮಗೆ ಇದೊಂದು ಬೆಚ್ಚಗಿನ ಕೋಣೆ ಅಷ್ಟೆ. ಅಲ್ವಾ ಹೆಲ್ಕಾ?”

“ಹೂಂ,” ಎಂದಳು ಅವನ ಮಗಳು.

“ಸೌನಾಗೆ ಬಾಗಿಲು ಅಂತ ಒಂದು ಇರುತ್ತೆ ಕಣೋ,” ಎಂದಳು ಇರ್ಯಾ. “ಬಾಗಿಲ ಆಚೆ ಸರೋವರ ಇರುತ್ತೆ, ಧುಮುಕೋದಕ್ಕೆ. ಇಲ್ಲಿ ಬಾಗಿಲು ಎಲ್ಲಿದೆ ತೋರಿಸು, ನಾನೂ ಖುಷಿಯಾಗಿ ಬೇಯ್ತೀನಿ.”

ರೌನೊ ನಕ್ಕ. ತಾಯಿಯ ಮಾತಿಗೆ ನಗುವುದು, ಆದರೆ ಕೇಳದಿರುವುದು ಅವನಿಗೆ ನಲವತ್ತಮೂರು ವರ್ಷಗಳ ಅಭ್ಯಾಸ. ಅವನು ಬಾಯ್ಲರ್ ಕಾರ್ಖಾನೆಯಲ್ಲಿ ಬೆಸುಗೆ ಕೆಲಸದವನು. ಬೆಂಕಿಯ ಮುಂದೆ ಇಪ್ಪತ್ತು ವರ್ಷ ಕಳೆದವನಿಗೆ ಬಿಸಿಲು ಒಂದು ಲೆಕ್ಕವೇ ಅಲ್ಲ ಎಂದು ಅವನೂ ನಂಬಿದ್ದ, ಮಗಳನ್ನೂ ನಂಬಿಸಿದ್ದ.

ಹೆಲ್ಕಾಗೆ ಏಪ್ರಿಲ್‌ನಲ್ಲಿ ಹನ್ನೆರಡು ತುಂಬಿತ್ತು. ಆ ಹನ್ನೆರಡು ಎನ್ನುವ ಅಂಕಿ ಅಂದಿನಿಂದ ರೌನೊನ ಎದೆಯ ಮೇಲೆ ಕೂತಿತ್ತು. ಅವನೂ ಹೆಲ್ಕಾಳ ತಾಯಿ ಮಿರ್ಕಾಳೂ ಬೇರೆಯಾಗಿ ಐದು ವರ್ಷ. ಇಷ್ಟು ದಿನ ಮಗಳು ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ ಇರುತ್ತಿದ್ದಳು. ಎರಡು ಮನೆಗಳ ನಡುವೆ ಸೈಕಲ್ಲಿನಲ್ಲಿ ಏಳು ನಿಮಿಷದ ದಾರಿ. ಈಗ ಮಿರ್ಕಾಗೆ ತುರ್ಕು ಪಟ್ಟಣದಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ. ಅದು ರೈಲಿನಲ್ಲಿ ಐದು ಗಂಟೆ ದೂರ. ಆಗಸ್ಟ್ ಮೊದಲ ವಾರ, ಶಾಲೆ ಶುರುವಾಗುವ ಮುಂಚೆ, ಮೂವರೂ ಪುರಸಭೆಯ ಕಚೇರಿಗೆ ಹೋಗಬೇಕು. ಅಲ್ಲಿಯ ಅಧಿಕಾರಿ ಹೆಂಗಸು ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ ಹೆಲ್ಕಾಳೊಬ್ಬಳನ್ನೇ ಕೇಳುತ್ತಾಳೆ, ನಿನಗೆ ಯಾರ ಜೊತೆ ಇರಬೇಕು ಅನ್ನಿಸುತ್ತೆ ಎಂದು. ಹನ್ನೆರಡು ತುಂಬಿದ ಮಕ್ಕಳ ಮಾತಿಗೆ ಅಲ್ಲಿ ತೂಕವಿದೆ. ಅದಕ್ಕೆ ಮುಂಚೆ ಅಪ್ಪನಾಗಲಿ ಅಮ್ಮನಾಗಲಿ ಆ ವಿಷಯ ಎತ್ತಿ ಮಗುವಿನ ಮನಸ್ಸು ಕೆಡಿಸಬಾರದು ಎಂದು ಕಚೇರಿಯಿಂದ ಬಂದ ಕಾಗದದಲ್ಲಿ ಬರೆದಿತ್ತು. ರೌನೊ ಕಾಗದದಲ್ಲಿ ಬರೆದದ್ದನ್ನು ಪಾಲಿಸುವ ಮನುಷ್ಯ. ಅವನು ಏನೂ ಕೇಳಲಿಲ್ಲ. ಕೇಳುವ ಬದಲು ಸಿಸಿಲಿ ದ್ವೀಪಕ್ಕೆ ಮೂರು ಟಿಕೆಟ್ ತೆಗೆದ.

ಎಂಟು ದಿನ, ದಿನಕ್ಕೊಂದು ಹಾಳೆ. ಎಲ್ಲವನ್ನೂ ಕಾರ್ಖಾನೆಯ ಪ್ರಿಂಟರ್‌ನಲ್ಲಿ ಅಚ್ಚು ಹಾಕಿಕೊಂಡು ಬಂದಿದ್ದ. ಕಚೇರಿಯ ಹೆಂಗಸಿನ ಎದುರು ಕೂತಾಗ ಮಗಳ ತಲೆಯಲ್ಲಿ ಈ ಎಂಟು ದಿನ ತುಂಬಿ ತುಳುಕುತ್ತಿರಬೇಕು ಎನ್ನುವುದು ಅವನ ಲೆಕ್ಕಾಚಾರ. ಬಡಪಾಯಿಗೆ ಬೇರೆ ದಾರಿ ಹೊಳೆದಿರಲಿಲ್ಲ.

ತೊಂದರೆ ಏನೆಂದರೆ ಹೆಲ್ಕಾ ಬಾಯಿ ಬಿಡುತ್ತಿರಲಿಲ್ಲ. ಮೊದಲ ದಿನ ಸಮುದ್ರ ನೋಡಿ ಕೂಗಿದ್ದೇ ಕೂಗಿದ್ದು. ಆಮೇಲೆ ದಿನೇ ದಿನೇ ಮಾತು ಕಡಿಮೆಯಾಗಿ, ಈ ಐದನೆಯ ದಿನ ಬರೀ ‘ಹೂಂ’ ಉಳಿದಿತ್ತು. ರೌನೊ ಆ ‘ಹೂಂ’ ಅನ್ನು ಒಮ್ಮೆ ಕೋಪ ಎಂದುಕೊಂಡು ಹೆದರುತ್ತಿದ್ದ, ಒಮ್ಮೆ ಗಟ್ಟಿತನ ಎಂದುಕೊಂಡು ಹಿಗ್ಗುತ್ತಿದ್ದ. ಹಿಗ್ಗುವುದಕ್ಕೆ ಕಾರಣವೂ ಇತ್ತು. ಮಗಳಿಗೆ ಐದು ವರ್ಷವಾದಾಗಿನಿಂದ ಅವರಿಬ್ಬರ ನಡುವೆ ಒಂದು ಪಂದ್ಯ ನಡೆಯುತ್ತಿತ್ತು. ಶನಿವಾರ ಸಂಜೆ ಸೌನಾದ ಮೇಲಿನ ಹಲಗೆಯ ಮೇಲೆ ಇಬ್ಬರೂ ಕೂರಬೇಕು. ರೌನೊ ಕಾದ ಕಲ್ಲುಗಳ ಮೇಲೆ ನೀರು ಎರಚುತ್ತಾನೆ. ಹಬೆ ಕಿವಿಯ ತುದಿ ಕಚ್ಚುತ್ತದೆ. ಯಾರೂ ಮಾತಾಡಬಾರದು, ಉಸ್ ಎನ್ನಬಾರದು. ಯಾರು ಮೊದಲು ಇಳಿಯುತ್ತಾರೋ ಅವರು ಮುಂದಿನ ವಾರ ಸರೋವರದಿಂದ ನೀರು ಹೊರಬೇಕು. ಆರೂವರೆ ವರ್ಷ ಹೆಲ್ಕಾಳೇ ನೀರು ಹೊತ್ತಳು. ಹೋದ ಕ್ರಿಸ್‌ಮಸ್ ಹಿಂದಿನ ದಿನ ಮೊದಲ ಸಲ ರೌನೊ ಇಳಿದ, ನಿಜವಾಗಿಯೂ ತಾಳಲಾರದೆ ಇಳಿದ. ಹುಡುಗಿ ಕೆಂಪು ಮೂಲಂಗಿಯಾಗಿ ಮೇಲೆಯೇ ಕೂತಿದ್ದಳು. ಕಾರ್ಖಾನೆಯಲ್ಲಿ ಅದನ್ನು ಅವನು ಎಷ್ಟು ಜನಕ್ಕೆ ಹೇಳಿಕೊಂಡಿದ್ದನೋ ಲೆಕ್ಕವಿಲ್ಲ.

ದೊಡ್ಡ ಚರ್ಚಿನೊಳಗೆ ಕತ್ತಲೂ ತಂಪೂ ಇತ್ತು. ಹಳೆಯ ಗುಡಿಯ ದಪ್ಪ ಕಂಬಗಳನ್ನು ಹಾಗೇ ಬಿಟ್ಟು ನಡುವೆ ಗೋಡೆ ಎಬ್ಬಿಸಿ ಚರ್ಚು ಮಾಡಿದ್ದರು. ರೌನೊ ಅದನ್ನು ಹಾಳೆಯಿಂದ ಓದಿ ಹೇಳಿದ. ಹೆಲ್ಕಾ ಒಂದು ಕಂಬಕ್ಕೆ ಕೆನ್ನೆ ಒತ್ತಿ ಕಣ್ಣು ಮುಚ್ಚಿ ನಿಂತಳು. ಅವಳಿಗೆ ಕಂಬ ಇಷ್ಟವಾಯಿತು ಎಂದುಕೊಂಡು ರೌನೊ ಫೋಟೊ ತೆಗೆದ.

ಇರ್ಯಾ ಹಿಂದಿನ ಬೆಂಚಿನಲ್ಲಿ ಕೂತು ಬೂಟಿನ ದಾರ ಸಡಿಲಿಸಿದಳು. “ನಾನಿನ್ನು ಇಲ್ಲಿಂದ ಏಳೋಳಲ್ಲ. ಇವರ ಮಾತೆ ಮರಿಯಾ ನನ್ನನ್ನ ಎಬ್ಬಿಸೋ ಹಾಗೆ ಕಾಣಲ್ಲ, ಪಾಪ, ಅವಳೂ ಮಗುವನ್ನ ಎತ್ಕೊಂಡು ಸುಸ್ತಾಗಿದಾಳೆ. ನೀವು ಹೋಗಿ ಬನ್ನಿ. ಹೆಲ್ಕಾ, ನೀನೂ ಇಲ್ಲೇ ಇರ್ತೀಯೇನೇ?”

ಹೆಲ್ಕಾ ಅಜ್ಜಿಯ ಪಕ್ಕದ ಜಾಗ ನೋಡಿದಳು. ಆಮೇಲೆ ಅಪ್ಪನ ಮುಖ ನೋಡಿದಳು.

“ಇಲ್ಲ ಅಜ್ಜಿ, ಅಪ್ಪನ ಜೊತೆ ಹೋಗ್ತೀನಿ.”

ರೌನೊಗೆ ಆ ಒಂದು ಮಾತಿನಿಂದ ಇಡೀ ರಜೆಯ ದಣಿವು ಇಳಿಯಿತು. ಅಪ್ಪನ ಜೊತೆ ಅಂದಳಲ್ಲ. ಮೆಟ್ಟಿಲಿಳಿಯುವಾಗ ಅವನಿಗೆ ಶಿಳ್ಳೆ ಹಾಕಬೇಕು ಅನ್ನಿಸಿತು.

ಬುಗ್ಗೆಯ ಹತ್ತಿರ ಅವರು ಹತ್ತು ನಿಮಿಷ ನಿಂತರು. ಕೆಳಗೆ ಹಸಿರು ನೀರಿನಲ್ಲಿ ಜೊಂಡು, ಜೊಂಡಿನ ನೆರಳಿನಲ್ಲಿ ಬಾತುಕೋಳಿಗಳು. ಹೆಲ್ಕಾ ಕಬ್ಬಿಣದ ಕಟಕಟೆ ಹಿಡಿದವಳು ಬಿಸಿ ತಾಗಿ ಕೈ ಹಿಂದಕ್ಕೆಳೆದಳು. “ನಗು,” ಎಂದ ರೌನೊ, ಫೋನು ಎತ್ತಿ ಹಿಡಿದು. ಅವಳು ನಕ್ಕಳು. ಬಾಟಲಿಯಲ್ಲಿ ಎರಡು ಗುಟುಕು ನೀರು ಉಳಿದಿತ್ತು. ಅವನು ಅವಳ ಮುಂದೆ ಹಿಡಿದ.

“ನೀನೇ ಕುಡಿ ಅಪ್ಪ.”

“ಬಾಯಾರಿಕೆ ಇಲ್ವಾ?”

“ಇಲ್ಲ.”

ಅವನು ಕುಡಿದ. ಕೋಟೆಯ ಬಾಗಿಲಲ್ಲಿ ನೀರು ಮಾರುತ್ತಾರೆ ಎಂದು ಹಾಳೆಯಲ್ಲಿತ್ತು.

ಎರಡು ಗಂಟೆಯ ಹೊತ್ತಿಗೆ ಊರಿನವರೆಲ್ಲ ಕಿಟಕಿ ಬಾಗಿಲು ಜಡಿದು ಒಳಗೆ ಸೇರಿಕೊಂಡಿದ್ದರು. ಅಂಗಡಿಗಳು ಕಬ್ಬಿಣದ ಪರದೆ ಇಳಿಸಿದ್ದವು. ಬೀದಿಯಲ್ಲಿ ಇದ್ದದ್ದು ಈ ಅಪ್ಪ ಮಗಳು ಮತ್ತು ನಿಂತ ಕಾರಿನ ಕೆಳಗೆ ಹೊಟ್ಟೆ ಚಾಚಿ ಮಲಗಿದ್ದ ಒಂದು ನಾಯಿ. ಆ ನಾಯಿಗಿದ್ದ ಬುದ್ಧಿ ರೌನೊಗೆ ಇರಲಿಲ್ಲ. “ನೋಡಿದ್ಯಾ, ಎಲ್ಲರೂ ಮಲಗಿದಾರೆ,” ಎಂದ. “ಇಡೀ ಕೋಟೆ ನಮ್ಮಿಬ್ಬರದ್ದೇ.”

ಕೋಟೆಯ ಕಡೆಗೆ ಹೋಗುವ ಬೀದಿಯಲ್ಲಿ ಮರವಿಲ್ಲ, ಚಪ್ಪರವಿಲ್ಲ. ಬಿಳಿ ಕಲ್ಲಿನ ನೆಲದಿಂದ ಝಳ ಕೆಳಗಿನಿಂದಲೂ ಏಳುತ್ತಿತ್ತು. ಅರ್ಧ ದಾರಿಯಲ್ಲಿ ಹೆಜ್ಜೆಯ ಸದ್ದು ನಿಂತದ್ದು ಗೊತ್ತಾಗಿ ಅವನು ತಿರುಗಿದ. ಹೆಲ್ಕಾ ಹತ್ತು ಮಾರು ಹಿಂದೆ ನಿಂತು ತನ್ನ ತೋಳನ್ನೇ ನೋಡಿಕೊಳ್ಳುತ್ತಿದ್ದಳು. ಹತ್ತಿರ ಹೋದ. ತೋಳಿನ ತುಂಬ ಮುಳ್ಳೆದ್ದು ರೋಮ ನಿಮಿರಿತ್ತು. ಮುಖ ಒಣಗಿತ್ತು, ಒಂದು ಹನಿ ಬೆವರಿಲ್ಲ.

“ಅಪ್ಪ, ಚಳಿ ಆಗ್ತಿದೆ,” ಎಂದಳು.

ನಲವತ್ತರ ಬಿಸಿಲಿನಲ್ಲಿ ಚಳಿ. ರೌನೊ ಬಾಯಿ ತೆರೆಯುವ ಮುಂಚೆ ಅವಳು ಬಗ್ಗಿ ವಾಂತಿ ಮಾಡಿದಳು. ವಾಂತಿಯಲ್ಲಿ ನೀರಿನ ಅಂಶವೇ ಇರಲಿಲ್ಲ. ಮಂಡಿ ಮಡಿಸಿ ಬೀಳುತ್ತಿದ್ದವಳನ್ನು ಅವನು ಕಲ್ಲಿಗೆ ತಲೆ ತಾಗುವ ಮುಂಚೆ ಹಿಡಿದ.

ಈ ವಯಸ್ಸಿನವರೆಗೂ ರೌನೊ ಗುರುತಿಲ್ಲದವರ ಬಾಗಿಲು ತಟ್ಟಿದವನಲ್ಲ. ಅವನ ಊರಿನಲ್ಲಿ ಜನ ಬಸ್ಸಿಗೆ ಕಾಯುವಾಗಲೂ ಒಬ್ಬರಿಗೊಬ್ಬರು ಎರಡು ಮಾರು ದೂರ ನಿಲ್ಲುತ್ತಾರೆ. ಕಾರು ಹಿಮದಲ್ಲಿ ಹೂತುಹೋದರೆ ತಾವೇ ಅಗೆದುಕೊಳ್ಳುತ್ತಾರೆ. ಇನ್ನೊಬ್ಬರಿಗೆ ತೊಂದರೆ ಕೊಡುವುದು ಅಂದರೆ ಸಾಲ ಮಾಡಿದಷ್ಟೇ ನಾಚಿಕೆ. ಈಗ ಅವನು ಮಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹತ್ತಿರದ ಬಾಗಿಲನ್ನು ಕಾಲಿನಿಂದ ಒದ್ದ. ಪಕ್ಕದ ಬಾಗಿಲನ್ನೂ ಒದ್ದ. ತನ್ನ ಭಾಷೆಯಲ್ಲೇ ಕೂಗಿದ, “ಯಾರಾದರೂ ಬನ್ನಿ, ನನ್ನ ಮಗು.”

ಮೂರನೆಯ ಬಾಗಿಲು ತೆರೆಯಿತು. ರಾತ್ರಿಯುಡುಪಿನಲ್ಲಿದ್ದ ಎತ್ತರದ ಮುದುಕಿ. ಅವಳು ಹೆಲ್ಕಾಳ ಮುಖ ನೋಡಿದಳು, ರೌನೊನ ಮುಖ ನೋಡಲಿಲ್ಲ. ಅವನ ಅಂಗಿ ಹಿಡಿದು ಒಳಗೆಳೆದುಕೊಂಡಳು.

ಒಳಗೆ ಒಂದೇ ಕೋಣೆ, ಕಿಟಕಿಗೆಲ್ಲ ಮರದ ಪಡಿ, ಒಂದು ಫ್ಯಾನು, ಒಂದು ಮಂಚ. ಮುದುಕಿ ಬೈಯುತ್ತಲೇ ಕೆಲಸ ಮಾಡಿದಳು. ಬೂಟನ್ನೂ ಬಿಚ್ಚದೆ ಹೆಲ್ಕಾಳ ಮೈಮೇಲೆ ಬಕೆಟ್ಟಿನ ನೀರು ಸುರಿದಳು. ಒದ್ದೆ ಬಟ್ಟೆಗಳನ್ನು ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಇಟ್ಟಳು, ಫ್ಯಾನು ತಿರುಗಿಸಿದಳು. ಹುಡುಗಿ ಕಣ್ಣು ಬಿಟ್ಟ ಮೇಲೆ ನಿಂಬೆರಸಕ್ಕೆ ಉಪ್ಪು ಸಕ್ಕರೆ ಹಾಕಿ ಚಮಚದಲ್ಲಿ ಕುಡಿಸಿದಳು. ಗೋಡೆಯ ಮೇಲೆ ಬಿಳಿ ಟೊಪ್ಪಿಗೆಯ ನರ್ಸ್ ಉಡುಪಿನಲ್ಲಿ ಅವಳದೇ ಹಳೆಯ ಫೋಟೊ ಇತ್ತು. ರೌನೊ ಅದನ್ನು ನೋಡಿ ಮೊದಲ ಸಲ ಉಸಿರು ಬಿಟ್ಟ.

ಮುದುಕಿ ಜ್ವರ ಅಳೆಯುವ ಕಡ್ಡಿಯನ್ನು ಅವನ ಕಣ್ಣ ಮುಂದೆ ಹಿಡಿದಳು: ಮೂವತ್ತೊಂಬತ್ತು ದಾಟಿತ್ತು. ಅರ್ಧ ಗಂಟೆ ಎಂದು ಗಡಿಯಾರದ ಮುಳ್ಳು ತೋರಿಸಿ, ಇಳಿಯದಿದ್ದರೆ ಆಸ್ಪತ್ರೆ ಎಂದು ಹೊರಗೆ ಕೈ ಮಾಡಿದಳು. ಅರ್ಧ ಗಂಟೆ ಅವನು ಮಂಚದ ಪಕ್ಕ ನೆಲದ ಮೇಲೆ ಕೂತು ಬಟ್ಟೆ ಒದ್ದೆ ಮಾಡಿ ಕೊಡುತ್ತಾ ಇದ್ದ. ಮತ್ತೆ ಕಡ್ಡಿ ಇಟ್ಟಾಗ ಒಂದು ಡಿಗ್ರಿ ಇಳಿದಿತ್ತು. ಆಗ ಮುದುಕಿ ಎದೆ ಮುಟ್ಟಿಕೊಂಡು “ನುನ್ಸಿಯಾ” ಎಂದು ಹೆಸರು ಹೇಳಿದಳು. ಆಮೇಲೆ ಕಿಟಕಿಯ ಸಂದಿಯಿಂದ ಸೂರ್ಯನನ್ನು ತೋರಿಸಿ, ರೌನೊನ ಹಣೆಯನ್ನು ಬೆರಳಿನಿಂದ ಎರಡು ಸಲ ಕುಟ್ಟಿದಳು. ಅದಕ್ಕೆ ಅನುವಾದ ಬೇಕಿರಲಿಲ್ಲ. ಅವನು ತಲೆಯಾಡಿಸಿ ಒಪ್ಪಿಕೊಂಡ.

ನುನ್ಸಿಯಾ ಇನ್ನಷ್ಟು ನಿಂಬೆಹಣ್ಣು ತರಲು ಹಿತ್ತಲಿಗೆ ಹೋದಳು.

“ಯಾಕೆ ಹೇಳಲಿಲ್ಲ ಹೆಲ್ಕಾ?” ಎಂದ ರೌನೊ. “ಆಗ್ತಿಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?”

ಹೆಲ್ಕಾ ಸೂರಿನ ಕಡೆ ನೋಡುತ್ತಿದ್ದಳು. “ನೀನು ಇಳೀಲೇ ಇಲ್ವಲ್ಲ ಅಪ್ಪ.”

ಅವನಿಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಎತ್ತಲಾಗಲಿಲ್ಲ. ಬೆಳಿಗ್ಗೆ ಒಂಬತ್ತರಿಂದ ಈ ಹುಡುಗಿ ಮೇಲಿನ ಹಲಗೆಯ ಪಂದ್ಯದಲ್ಲಿದ್ದಳು. ಬಹುಶಃ ಐದು ದಿನದಿಂದಲೂ ಇದ್ದಳು. ಅವನು ಅದನ್ನು ಗಟ್ಟಿತನ ಎಂದು ಹೆಮ್ಮೆಪಡುತ್ತಾ ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದ. ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದ, ಮತ್ತೆ ಅದ್ದಿ ಮತ್ತೆ ಹಿಂಡಿದ.

ಆಗ ಹೆಲ್ಕಾಳ ಚೀಲದಲ್ಲಿ ಫೋನು ಹೊಡೆದುಕೊಂಡಿತು. ಮೂರು ಗಂಟೆ. ದಿನಾ ಇದೇ ಹೊತ್ತಿಗೆ ಮಿರ್ಕಾ ಕರೆ ಮಾಡುತ್ತಿದ್ದಳು. ಹೆಲ್ಕಾ ಕೈ ಚಾಚಿದಳು. ಅವನು ಕೊಟ್ಟ. ಅವಳು ಮಲಗಿದ್ದಲ್ಲೇ ಒಂದು ಸಲ ಗಂಟಲು ಸರಿಮಾಡಿಕೊಂಡಳು.

“ಹಲೋ ಅಮ್ಮ. ಹೂಂ, ಚೆನ್ನಾಗಿದೀನಿ. ಇವತ್ತಾ? ರಂಗಮಂದಿರ ನೋಡಿದ್ವಿ, ಚರ್ಚು ನೋಡಿದ್ವಿ. ಬಾತುಕೋಳಿ ಇತ್ತು. ಇಲ್ಲ ಇಲ್ಲ, ಅಷ್ಟೇನೂ ಬಿಸಿಲಿಲ್ಲ. ಈಗ ಒಂದು ಅಂಗಡೀಲಿ ಕೂತು ಐಸ್‌ಕ್ರೀಮ್ ತಿಂತಾ ಇದೀವಿ. ನಿಂಬೆಹಣ್ಣಿಂದು. ಅಪ್ಪ ಇಲ್ಲೇ ಇದಾನೆ.”

ಎಷ್ಟು ಸಲೀಸಾಗಿ ಹೇಳಿದಳು. ಸುಳ್ಳು ಹೇಳುವಾಗ ಅವಳ ದನಿಗೆ ಬೆಳಗಿನಿಂದ ಇಲ್ಲದ ಗೆಲುವು ಬಂದಿತ್ತು. ಹನ್ನೆರಡು ವರ್ಷದ ಮಗು ತಾನು ನಡುಗುತ್ತಾ ಮಲಗಿ ತನ್ನ ಅಪ್ಪನನ್ನು ಕಾಪಾಡುತ್ತಿತ್ತು. ರೌನೊಗೆ ತಿಳಿಯದ್ದೇನೂ ಅಲ್ಲ, ಈ ಐಸ್‌ಕ್ರೀಮ್ ಹೀಗೇ ಉಳಿದರೆ ಅವನಿಗೇ ಒಳ್ಳೆಯದು. ಮಿರ್ಕಾಗೆ ಗೊತ್ತಾಗುವುದಿಲ್ಲ, ಕಚೇರಿಯ ಹೆಂಗಸಿಗೂ ಗೊತ್ತಾಗುವುದಿಲ್ಲ. ಬಿಸಿಲಿನಲ್ಲಿ ಮಗಳನ್ನು ಬೀಳಿಸಿದ ಅಪ್ಪ ಎಂದು ಯಾವ ಕಾಗದದಲ್ಲೂ ಬರೆಯುವುದಿಲ್ಲ. ಸುಮ್ಮನೆ ಕೂತರೆ ಸಾಕಿತ್ತು.

“ಫೋನು ಇಲ್ಲಿ ಕೊಡಮ್ಮ,” ಎಂದ.

ಹೆಲ್ಕಾ ತಲೆಯಾಡಿಸಿದಳು, ಬೇಡ ಎಂದು. ಅವನು ಅವಳ ಬೆರಳುಗಳ ನಡುವಿನಿಂದ ಮೆಲ್ಲಗೆ ಫೋನು ಬಿಡಿಸಿಕೊಂಡ.

“ಮಿರ್ಕಾ, ನಾನು. ಐಸ್‌ಕ್ರೀಮ್ ಅಂಗಡಿ ಅಲ್ಲ ಇದು. ಹೆಲ್ಕಾಗೆ ಬಿಸಿಲು ಬಡಿದು ಬಿದ್ದುಬಿಟ್ಟಳು. ಇಲ್ಲೊಬ್ಬರು ನರ್ಸಮ್ಮನ ಮನೇಲಿದೀವಿ. ಈಗ ಜ್ವರ ಇಳೀತಿದೆ, ಮಾತಾಡ್ತಿದಾಳೆ. ಇನ್ನೊಂದು ಸಲ ಏರಿದರೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ.”

ಮಿರ್ಕಾ ತುಂಬ ತಗ್ಗಿದ ದನಿಯಲ್ಲಿ ಕೇಳಿದಳು. “ಎಷ್ಟು ಹೊತ್ತು ನಡೆಸಿದೆ ಅವಳನ್ನ?”

“ಒಂಬತ್ತು ಗಂಟೆಯಿಂದ.”

“ನೀರು?”

“ಸಾಲಲಿಲ್ಲ. ಕೊನೇ ಎರಡು ಗುಟುಕು ನಾನೇ ಕುಡಿದೆ. ಅವಳು ಬೇಡ ಅಂದಳು, ನಾನು ನಂಬಿದೆ.”

ಮಿರ್ಕಾ ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಕೂಗಲಿಲ್ಲ.

“ಆಗಸ್ಟಿನಲ್ಲಿ ಅಲ್ಲಿ ನಾನು ಇದನ್ನ ಹೇಳಬೇಕಾಗುತ್ತೆ ರೌನೊ.”

“ಗೊತ್ತು. ಹೇಳು.”

“ಒಂದೊಂದು ಗಂಟೆಗೂ ಫೋನ್ ಮಾಡು,” ಎಂದಳು. “ಮತ್ತೆ ಅವಳಿಗೆ ಹೇಳು, ನಾನು ಬೈಯಲ್ಲ ಅಂತ.”

ಅವನು ಫೋನು ಕೆಳಗಿಟ್ಟ. ತನ್ನ ಫೋನಿನಿಂದ ಚರ್ಚಿನಲ್ಲಿ ಕೂತಿದ್ದ ತಾಯಿಗೆ ತಾವಿರುವ ಜಾಗ ಬರೆದು ಕಳಿಸಿದ. ನೆರಳು ಹಿಡಿದು ನಿಧಾನ ಬಾ, ಅವಸರ ಬೇಡ ಎಂದೂ ಬರೆದ. ತಲೆಯೆತ್ತಿದಾಗ ಹೆಲ್ಕಾ ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಕಣ್ಣು ತುಂಬಿತ್ತು.

“ಯಾಕೆ ಹೇಳ್ದೆ? ನಾನು ಹೇಳಿರಲೇ ಇಲ್ಲ. ಅಮ್ಮನಿಗೆ ಗೊತ್ತಾಗ್ತಾನೇ ಇರಲಿಲ್ಲ.”

“ಅದಕ್ಕೇ ಹೇಳ್ದೆ.”

“ಈಗ ಎಲ್ಲಾ ಹಾಳಾಯ್ತು.”

“ಹಾಳು ಮಾಡಿದ್ದು ನಾನು. ನೀನಲ್ಲ. ಅದನ್ನ ನೀನು ಹೊತ್ಕೋಬೇಡ.”

ಅವಳು ಗೋಡೆಯ ಕಡೆ ಹೊರಳಿದಳು. ಹೆಗಲು ಅಲುಗುತ್ತಿತ್ತು. ರೌನೊ ಅಲ್ಲೇ ಕೂತಿದ್ದ. ಬಟ್ಟೆಯನ್ನು ಮತ್ತೆ ಅದ್ದಿ ಅವಳ ಕುತ್ತಿಗೆಯ ಮೇಲಿಟ್ಟ. ಹಿತ್ತಲಿನಲ್ಲಿ ನುನ್ಸಿಯಾ ಯಾರೊಂದಿಗೋ, ಬಹುಶಃ ಕೋಳಿಗಳೊಂದಿಗೆ, ಇವನ ವಿಷಯವನ್ನೇ ಹೇಳಿಕೊಂಡು ಬೈಯುತ್ತಿದ್ದಳು.

“ನನಗೆ ಆ ರಂಗಮಂದಿರ ಒಂಚೂರೂ ಇಷ್ಟ ಆಗಲಿಲ್ಲ,” ಎಂದಳು ಹೆಲ್ಕಾ ಗೋಡೆಗೆ.

ರೌನೊ ಕಿವಿ ನಿಮಿರಿಸಿದ. “ಹೌದಾ?”

“ಬರೀ ಕಲ್ಲು. ಕಣ್ಣು ಉರೀತಿತ್ತು. ಮೊನ್ನೆ ನೆಲಮಾಳಿಗೆಗೆ ಹೋದ್ವಲ್ಲ, ಸತ್ತೋರನ್ನ ಹೂಳೋ ಗೂಡು ಇರೋದು, ಅದೂ ಇಷ್ಟ ಆಗಲಿಲ್ಲ. ರಾತ್ರಿ ಕನಸಲ್ಲಿ ಬಂತು. ನಾನು ಅಜ್ಜಿ ಮಂಚಕ್ಕೆ ಹೋಗಿ ಮಲಗಿದೆ. ಅಜ್ಜಿ ಗೊರಕೆ ಹೊಡೀತಾಳೆ, ನಿದ್ದೇನೇ ಬರಲಿಲ್ಲ.”

“ಆಮೇಲೆ?”

“ಆಮೇಲೆ ಆ ಮೀನು. ಕಣ್ಣು ಹಾಗೇ ಇಟ್ಟು ತಂದಿದ್ರು. ನೀನು ಚೆನ್ನಾಗಿದೆ ಅಲ್ವಾ ಅಂತ ಕೇಳ್ತಾನೇ ಇದ್ದೆ. ಮತ್ತೆ ನಿಮಿಷಕ್ಕೊಂದು ಸಲ ನಗು ನಗು ಅಂತೀಯ, ನನ್ನ ದವಡೆ ನೋವು ಬಂದಿದೆ.” ಈಗ ಅವಳು ಇತ್ತ ತಿರುಗಿದ್ದಳು. ಮೂಗು ಒರೆಸಿಕೊಂಡಳು. “ತುರ್ಕು ವಿಷಯಾನ ಯಾರೂ ನನ್ನ ಹತ್ರ ಮಾತೇ ಆಡಲ್ಲ. ನೀನೂ ಆಡಲ್ಲ, ಅಮ್ಮನೂ ಆಡಲ್ಲ. ಇಬ್ಬರೂ ಸುಮ್ನೆ ನನ್ನ ಮುಖ ನೋಡ್ತೀರಿ. ನನಗೆ ಎಷ್ಟು ಹಿಂಸೆ ಆಗುತ್ತೆ ಗೊತ್ತಾ?”

“ಗೊತ್ತಿರಲಿಲ್ಲ.”

“ಗೊತ್ತಾಗಬೇಕಿತ್ತು.”

“ಗೊತ್ತಾಗಬೇಕಿತ್ತು,” ಎಂದ ರೌನೊ.

ಅವಳು ಮತ್ತೆ ಶುರುಮಾಡಿದಳು. ಬಸ್ಸಿನಲ್ಲಿ ಬಿಸಿಲು ಬೀಳುವ ಕಡೆಯೇ ಯಾಕೆ ಕೂರಿಸಿದ್ದು, ಸಮುದ್ರದಲ್ಲಿ ಈಜೋದಕ್ಕೆ ಬರೀ ಒಂದು ಗಂಟೆ ಯಾಕೆ ಬಿಟ್ಟದ್ದು, ಟೋಪಿಯ ಹುರಿ ಗಂಟಲು ಕೊರೆಯುತ್ತೆ, ಆ ಹಾಳೆಗಳನ್ನು ಕಂಡರೆ ಹರಿದು ಬಿಸಾಕೋಣ ಅನ್ನಿಸುತ್ತೆ. ರೌನೊ ಒಂದಕ್ಕೂ ಸಮಜಾಯಿಷಿ ಕೊಡಲಿಲ್ಲ. ಐದು ದಿನದಿಂದ ಈ ದನಿ ಕೇಳುವುದಕ್ಕೆ ಅವನು ಊರೂರು ಸುತ್ತಿದ್ದ. ಅದು ಬಂದದ್ದು ಹೀಗೆ, ದೂರುಗಳ ರೂಪದಲ್ಲಿ, ಮತ್ತು ಒಂದು ದೂರೂ ತಪ್ಪಿಹೋಗದ ಹಾಗೆ ಅವನು ಮುಂದಕ್ಕೆ ಬಾಗಿ ಕೇಳುತ್ತಿದ್ದ.

“ಮುಂದಿನ ಸಲ ದಿನಕ್ಕೆ ಒಂದೇ ಜಾಗ,” ಎಂದಳು ಹೆಲ್ಕಾ. “ಅದೂ ಬೆಳಿಗ್ಗೆ.”

ಮುಂದಿನ ಸಲ ಎಂದರೆ ಯಾವಾಗ ಎಂದು ಅವನ ನಾಲಗೆಯ ತುದಿಗೆ ಬಂತು. ಅವನು ಕೇಳಲಿಲ್ಲ. “ಆಯ್ತು,” ಎಂದ.

“ಮತ್ತೆ ಈ ಬೂಟು. ಸೋಮವಾರದಿಂದ ಕಚ್ತಿದೆ.”

ರೌನೊ ಮಂಚದ ಕಾಲುದೆಸೆಗೆ ಸರಿದು ಅವಳ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡ. ನೆನೆದು ಬಿಗಿದುಕೊಂಡಿದ್ದ ದಾರವನ್ನು ಉಗುರಿನಿಂದ ಬಿಡಿಸಿ ಬೂಟು ತೆಗೆದ. ಹಿಮ್ಮಡಿಯ ಹತ್ತಿರ ಬಿಳಿ ಕಾಲುಚೀಲ ರಕ್ತದಿಂದ ಕಂದುಬಣ್ಣಕ್ಕೆ ತಿರುಗಿ ಚರ್ಮಕ್ಕೆ ಅಂಟಿಕೊಂಡಿತ್ತು. ಅವನು ಅದರ ಅಂಚು ಹಿಡಿದು ಸ್ವಲ್ಪವೇ ಎಳೆದ.

“ನೋಯುತ್ತೆ,” ಎಂದಳು ಹೆಲ್ಕಾ. “ನಿಲ್ಲಿಸು.”

ರೌನೊ ನಿಲ್ಲಿಸಿದ. ಬಟ್ಟೆ ಅದ್ದುತ್ತಿದ್ದ ಬೋಗುಣಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಅಂಗೈಯಲ್ಲಿ ನೀರು ತೆಗೆದು ಹಿಮ್ಮಡಿಯ ಮೇಲೆ ಬಿಡುತ್ತಾ, ಕಾಲುಚೀಲ ತಾನಾಗಿ ಬಿಟ್ಟುಕೊಳ್ಳುವವರೆಗೂ ಕಾಯುತ್ತಾ ಕೂತ.